ಬುತ್ತಿಯ ಲೆಕ್ಕ: ಅನ್ವೇಷಣೆಯ ಆಟಗಳಲ್ಲಿ ಕಷ್ಟದ ಸ್ಥಾನ

ದೂರದ ಪ್ರಯಾಣಕ್ಕೆ ಹೊರಡುವವನು ಮೊದಲು ತನ್ನ ಬುತ್ತಿಯನ್ನು ನೋಡಿಕೊಳ್ಳುತ್ತಾನೆ. ದಾರಿ ಎಷ್ಟು ದಿನದ್ದು, ನೀರು ಎಲ್ಲಿ ಸಿಕ್ಕೀತು, ಇರುಳು ಎಲ್ಲಿ ತಂಗಬಹುದು, ಹೊರೆ ಎಷ್ಟಾದರೆ ಹೊರಬಹುದು ಎಂಬ ಲೆಕ್ಕ ಕಾಲ್ನಡಿಗೆಯ ಕಾಲದ ಪ್ರತಿಯೊಬ್ಬ ಪಯಣಿಗನಿಗೂ ತಿಳಿದಿತ್ತು. ರೈಲು, ಬಸ್ಸುಗಳು ಬಂದ ಮೇಲೆ ಈ ಲೆಕ್ಕ ನಿತ್ಯಜೀವನದಿಂದ ಬಹುಮಟ್ಟಿಗೆ ಮರೆಯಾಯಿತು. ಅದು ಮತ್ತೆ ತಲೆಯೆತ್ತಿದ್ದು ಯಾರೂ ನಿರೀಕ್ಷಿಸದ ಒಂದು ಎಡೆಯಲ್ಲಿ. ಗಣಕಯಂತ್ರದ ಮುಂದೆ ಕುಳಿತು ಮಕ್ಕಳು ಆಡುವ ಆಟಗಳಲ್ಲಿ.

ವಿಡಿಯೋ ಗೇಮ್ ಎಂದು ಕರೆಯಲ್ಪಡುವ ಈ ಆಟಗಳಲ್ಲಿ ಓಟದವು, ಕಾದಾಟದವು, ಚೆಂಡಿನವು, ಒಗಟಿನವು ಎಂದು ಹಲವು ಬಗೆಗಳುಂಟು. ಅನ್ವೇಷಣೆಯ ಆಟಗಳು ಅವುಗಳಲ್ಲಿ ಒಂದು ಪ್ರತ್ಯೇಕ ಪಂಗಡ. ಇಲ್ಲಿ ಆಟಗಾರನು ತಾನು ಕಂಡರಿಯದ ಒಂದು ನಾಡಿನಲ್ಲಿ, ಕಡಲಿನಲ್ಲಿ ಅಥವಾ ಗ್ರಹದಲ್ಲಿ ಸಂಚರಿಸಿ ಅದರ ಗುಟ್ಟನ್ನು ಅರಿಯಬೇಕು. ಇಂಥ ಆಟಗಳಲ್ಲಿ ಅನೇಕವು ಆಟಗಾರನನ್ನು ಸುಮ್ಮನೆ ಅಲೆಯಲು ಬಿಡುವುದಿಲ್ಲ. ಅವನಿಗೆ ಹಸಿವಾಗುತ್ತದೆ, ಬಾಯಾರುತ್ತದೆ, ಚಳಿಯಾಗುತ್ತದೆ, ದಣಿವಾಗುತ್ತದೆ, ಉಸಿರು ಮುಗಿಯುತ್ತದೆ. ಎಚ್ಚರ ತಪ್ಪಿದರೆ ಆಟದೊಳಗಿನ ಅವನ ಜೀವ ಹೋಗುತ್ತದೆ.

ಇದನ್ನು ಕಂಡ ಹಿರಿಯರು ಒಂದು ಪ್ರಶ್ನೆಯನ್ನು ಕೇಳುವುದುಂಟು. ಆಟವೆಂಬುದು ಸಂತೋಷಕ್ಕಾಗಿ ಇರತಕ್ಕದ್ದು. ಅದರಲ್ಲಿ ಹಸಿವಿನ ಕಾಟವೇಕೆ, ಸಾವಿನ ಭಯವೇಕೆ? ಪ್ರಶ್ನೆ ಸಹಜವಾದದ್ದು. ಇದಕ್ಕೆ ಉತ್ತರವನ್ನು ಹುಡುಕಬೇಕಾದರೆ ಈ ಆಟಗಳು ಹುಟ್ಟಿದ ಬಗೆಯನ್ನೂ ಅವುಗಳೊಳಗಿನ ಲೆಕ್ಕವನ್ನೂ ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ತರಗತಿಯಲ್ಲಿ ಹುಟ್ಟಿದ ಆಟ

ಈ ಬಗೆಯ ಆಟಗಳಲ್ಲಿ ಅತ್ಯಂತ ಹಳೆಯದಾದ ಒಂದು ಹುಟ್ಟಿದ್ದು ಶಾಲೆಯ ತರಗತಿಯಲ್ಲಿ ಎಂಬುದು ಶಿಕ್ಷಕರೂ ವಿದ್ಯಾರ್ಥಿಗಳೂ ಗಮನಿಸಬೇಕಾದ ಸಂಗತಿ. 1971ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಡಾನ್ ರಾವಿಟ್ಷ್ ಎಂಬ ತರುಣರು ಶಿಕ್ಷಕ ತರಬೇತಿಯ ಅಂಗವಾಗಿ ಎಂಟನೆಯ ತರಗತಿಯ ಮಕ್ಕಳಿಗೆ ಇತಿಹಾಸವನ್ನು ಬೋಧಿಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಎತ್ತಿನ ಬಂಡಿಗಳನ್ನು ಕಟ್ಟಿಕೊಂಡು ಪಶ್ಚಿಮದ ಆರೆಗಾನ್ ಪ್ರಾಂತಕ್ಕೆ ವಲಸೆ ಹೋದ ಕುಟುಂಬಗಳ ಕಥೆ ಆಗಿನ ಪಾಠವಾಗಿತ್ತು. ರಾವಿಟ್ಷ್ ಮೊದಲು ನಕಾಶೆ ಮತ್ತು ದಾಳಗಳ ಒಂದು ಆಟವನ್ನು ಯೋಚಿಸಿದ್ದರು. ಬಿಲ್ ಹೈನೆಮನ್ ಮತ್ತು ಪಾಲ್ ಡಿಲೆನ್‌ಬರ್ಗರ್ ಎಂಬ ಇಬ್ಬರು ಮಿತ್ರರು ಅದನ್ನು ಗಣಕಯಂತ್ರಕ್ಕೆ ಅಳವಡಿಸಲು ನೆರವಾದರು. ಸುಮಾರು ಎರಡು ವಾರಗಳ ದುಡಿಮೆಯಿಂದ ಸಿದ್ಧವಾದ ಆಟ 1971ರ ಡಿಸೆಂಬರ್ 3ರಂದು ಮಕ್ಕಳ ಮುಂದೆ ಬಂದಿತು. ಅದಕ್ಕೆ ಆರೆಗಾನ್ ಟ್ರೇಲ್ ಎಂದು ಹೆಸರು.

ಆ ಆಟಕ್ಕೆ ಪರದೆಯಿರಲಿಲ್ಲ, ಚಿತ್ರವಿರಲಿಲ್ಲ. ದೂರದಲ್ಲಿದ್ದ ಗಣಕಯಂತ್ರಕ್ಕೆ ಟೆಲಿಟೈಪ್ ಯಂತ್ರದ ಮೂಲಕ ಸಂಪರ್ಕವಿತ್ತು. ಯಂತ್ರದ ಮಾತುಗಳು ಕಾಗದದ ಸುರುಳಿಯ ಮೇಲೆ ಅಚ್ಚಾಗಿ ಬರುತ್ತಿದ್ದವು. 1978ರಲ್ಲಿ ಮುದ್ರಣಗೊಂಡ ಅದರ ರೂಪದಲ್ಲಿ ಪ್ರಯಾಣದ ದೂರ 2040 ಮೈಲಿ. ಐವರ ಕುಟುಂಬದ ಉಳಿತಾಯ 900 ಡಾಲರ್. ಅದರಲ್ಲಿ 200 ಡಾಲರ್ ಬಂಡಿಗೇ ವೆಚ್ಚವಾಗಿದೆ. ಉಳಿದ 700 ಡಾಲರುಗಳನ್ನು ಎತ್ತು, ಆಹಾರ, ಮದ್ದುಗುಂಡು, ಬಟ್ಟೆ ಮತ್ತು ಇತರ ಸಾಮಗ್ರಿಗಳಿಗೆ ಹಂಚಬೇಕು. ಎತ್ತುಗಳಿಗೆ ಹೆಚ್ಚು ಹಣ ಕೊಟ್ಟರೆ ನಡಿಗೆ ಚುರುಕಾಗುತ್ತದೆ, ಆದರೆ ಬುತ್ತಿ ಕಡಿಮೆಯಾಗುತ್ತದೆ. ಬಟ್ಟೆಯಲ್ಲಿ ಉಳಿಸಿದರೆ ಬಯಲಿನಲ್ಲಿ ತೊಂದರೆಯಿಲ್ಲ. ಬೆಟ್ಟದ ಚಳಿಯಲ್ಲಿ ಕಾಯಿಲೆ ಕಾದಿರುತ್ತದೆ. ಊಟವನ್ನು ಕಡಿಮೆಯಾಗಿ, ಸಾಧಾರಣವಾಗಿ ಅಥವಾ ಚೆನ್ನಾಗಿ ಉಣ್ಣಬಹುದು. ಕಡಿಮೆ ಉಂಡವರನ್ನು ಕಾಯಿಲೆ ಬೇಗ ಹಿಡಿಯುತ್ತದೆ.

ತರಬೇತಿಯ ಅವಧಿ ಮುಗಿದಾಗ ರಾವಿಟ್ಷ್ ಆ ಕ್ರಮವಿಧಿಯನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಂಡು ಯಂತ್ರದಿಂದ ಅಳಿಸಿಹಾಕಿದ್ದರು. 1974ರಲ್ಲಿ ಅವರು ಮಿನೆಸೋಟದ ಶೈಕ್ಷಣಿಕ ಗಣಕ ಒಕ್ಕೂಟವನ್ನು ಸೇರಿದ ಮೇಲೆ ಅದನ್ನು ಮತ್ತೆ ಬೆರಳಚ್ಚು ಮಾಡಿ ಯಂತ್ರಕ್ಕೆ ಊಡಿದರು. ಆಗ ಅವರು ಕೈಗೊಂಡ ಒಂದು ಕೆಲಸ ಮುಖ್ಯವಾದದ್ದು. ನಿಜವಾಗಿ ಆ ದಾರಿಯಲ್ಲಿ ನಡೆದವರ ದಿನಚರಿಗಳನ್ನು ಓದಿ, ಕಾಯಿಲೆ, ಬಿರುಮಳೆ, ಬಂಡಿ ಮುರಿಯುವುದು ಮುಂತಾದವು ಎಷ್ಟು ಸಲ ಸಂಭವಿಸಿದ್ದವೆಂದು ನೋಡಿ, ಆ ಪ್ರಮಾಣಕ್ಕೆ ಸರಿಯಾಗಿ ಆಟದ ವಿಪತ್ತುಗಳನ್ನು ತಿದ್ದಿದರು. ಆ ನಾಡಿನ ಮೂಲನಿವಾಸಿಗಳು ವಲಸೆಗಾರರಿಗೆ ಹಲವು ವೇಳೆ ನೆರವಾಗಿದ್ದರೆಂಬುದು ದಿನಚರಿಗಳಿಂದ ತಿಳಿದುಬಂದಿತು. ಆದ್ದರಿಂದ ಆಹಾರ ಸಿಗುವ ಎಡೆಯನ್ನು ಅವರು ತೋರಿಸಿಕೊಡುವ ಪ್ರಸಂಗವೂ ಆಟದಲ್ಲಿ ಸೇರಿತು. ಹೀಗೆ ಆಟದಲ್ಲಿ ಯಾವುದನ್ನು ಅಪಾಯವೆಂದು ಎಣಿಸಬೇಕು, ಯಾವುದನ್ನು ಆಸರೆಯೆಂದು ಎಣಿಸಬೇಕು ಎಂಬ ನಿರ್ಧಾರದಲ್ಲಿಯೂ ಸತ್ಯಾಸತ್ಯದ ಪ್ರಶ್ನೆ ಅಡಗಿದೆ. ತಪ್ಪು ಲೆಕ್ಕವನ್ನಿಟ್ಟ ಆಟ ಮಕ್ಕಳಿಗೆ ತಪ್ಪು ಇತಿಹಾಸವನ್ನೇ ಕಲಿಸುತ್ತದೆ.

ದೀಪ ಮತ್ತು ಜೀವ

ಇದಾದ ಕೆಲವು ವರ್ಷಗಳಲ್ಲಿ ಮತ್ತೆರಡು ಆಟಗಳು ಈ ಮಾರ್ಗವನ್ನು ಬಲಪಡಿಸಿದವು. ಗುಹೆಗಳನ್ನು ಹೊಕ್ಕು ಅಳೆಯುವ ಹವ್ಯಾಸವಿದ್ದ ವಿಲ್ ಕ್ರೌದರ್ ಎಂಬ ಗಣಕತಜ್ಞರು ಕೆಂಟಕಿಯ ಮ್ಯಾಮತ್ ಗುಹೆಯ ತಮ್ಮ ಅನುಭವವನ್ನು ಆಧರಿಸಿ 1970ರ ದಶಕದ ಮಧ್ಯದಲ್ಲಿ ಒಂದು ಆಟವನ್ನು ರಚಿಸಿದರು. ಡಾನ್ ವುಡ್ಸ್ ಎಂಬವರು 1977ರಲ್ಲಿ ಅದನ್ನು ವಿಸ್ತರಿಸಿದರು. ಕೊಲಾಸಲ್ ಕೇವ್ ಅಡ್ವೆಂಚರ್ ಎಂಬ ಈ ಆಟದಲ್ಲಿ ಆಟಗಾರನ ಕೈಯಲ್ಲೊಂದು ದೀಪವಿರುತ್ತದೆ. ಅದರ ಬ್ಯಾಟರಿ ಶಾಶ್ವತವಲ್ಲ. ದೀಪವಾರಿದ ಮೇಲೆ ಕತ್ತಲಲ್ಲಿ ಕಾಲಿಟ್ಟರೆ ಕಂದಕಕ್ಕೆ ಬೀಳುವ ಭಯ. ಹೊಸ ಬ್ಯಾಟರಿ ಸಿಗುವುದೇನೋ ಉಂಟು; ಅದನ್ನು ಕೊಳ್ಳಲು ತಾನು ಕಂಡುಕೊಂಡ ನಿಧಿಯೊಂದರ ನಾಣ್ಯಗಳನ್ನೇ ತೆರಬೇಕು. ಬೆಳಕು ಬೇಕೋ ಸಂಪತ್ತು ಬೇಕೋ ಎಂಬ ಇಕ್ಕಟ್ಟಿನಲ್ಲಿ ಆಟಗಾರನನ್ನು ನಿಲ್ಲಿಸುವ ಈ ಉಪಾಯ ಸರಳವಾದರೂ ಬಹಳ ಅರ್ಥವತ್ತಾದದ್ದು.

1980ರ ಸುಮಾರಿಗೆ ಮೈಕೆಲ್ ಟಾಯ್ ಮತ್ತು ಗ್ಲೆನ್ ವಿಚ್‌ಮನ್ ಎಂಬ ಕ್ಯಾಲಿಫೋರ್ನಿಯದ ವಿದ್ಯಾರ್ಥಿಗಳು ರಚಿಸಿದ ರೋಗ್ ಎಂಬ ಆಟ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಅದರ ನೆಲಮಾಳಿಗೆಗಳ ವಿನ್ಯಾಸ ಪ್ರತಿಯೊಂದು ಆಟಕ್ಕೂ ಹೊಸದಾಗಿ ರೂಪುಗೊಳ್ಳುತ್ತಿತ್ತು. ಒಮ್ಮೆ ಸತ್ತರೆ ಸತ್ತಂತೆಯೇ. ಮತ್ತೆ ಮೊದಲಿನಿಂದ ಆರಂಭಿಸಬೇಕಿತ್ತು. ಹಸಿವು ಬೆನ್ನಟ್ಟುತ್ತಿದ್ದುದರಿಂದ ಒಂದೇ ಎಡೆಯಲ್ಲಿ ಕುಳಿತು ಕಾಲ ಕಳೆಯುವಂತಿರಲಿಲ್ಲ. ದಾರಿಯನ್ನು ಉರುಹೊಡೆದವನಿಗೆ ಅಲ್ಲಿ ಜಯವಿಲ್ಲ. ನಿಯಮವನ್ನು ಅರಿತವನಿಗೆ ಮಾತ್ರ ಜಯದ ಆಸೆಯುಂಟು. ಪಾಠವನ್ನು ಕಂಠಪಾಠ ಮಾಡುವುದಕ್ಕೂ ಅರ್ಥ ಮಾಡಿಕೊಳ್ಳುವುದಕ್ಕೂ ಇರುವ ಅಂತರ ಇಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಹಸಿವಿನ ಗಣಿತ

ಈ ಎಲ್ಲ ಆಟಗಳ ಒಳಗೆ ನಡೆಯುವ ಲೆಕ್ಕ ಮೂರು ಅಂಶಗಳಿಂದ ಕೂಡಿದೆ. ಒಂದು, ಸಂಗ್ರಹ, ಅಂದರೆ ಆಟಗಾರನಲ್ಲಿರುವ ಆಹಾರ, ಉಸಿರು, ಶಾಖ ಅಥವಾ ಶಕ್ತಿಯ ಮೊತ್ತ. ಎರಡು, ವ್ಯಯದ ದರ. ಅಂದರೆ ಅದು ಕರಗುವ ವೇಗ. ಮೂರು, ಮತ್ತೆ ತುಂಬಿಕೊಳ್ಳುವ ದಾರಿ. ಈ ಮೂರನ್ನು ಹೆಚ್ಚುಕಡಿಮೆ ಮಾಡುವುದರಿಂದಲೇ ಆಟ ಸುಲಭವೂ ಆಗುತ್ತದೆ, ಕಠಿಣವೂ ಆಗುತ್ತದೆ.

ಜಗತ್ಪ್ರಸಿದ್ಧವಾದ ಮೈನ್‌ಕ್ರಾಫ್ಟ್ ಆಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಸ್ವೀಡನ್ ದೇಶದಲ್ಲಿ ರೂಪುಗೊಂಡು 2011ರ ನವೆಂಬರಿನಲ್ಲಿ ಪೂರ್ಣರೂಪದಲ್ಲಿ ಹೊರಬಂದ ಈ ಆಟದಲ್ಲಿ ಮೊದಲು ಹಸಿವೆಂಬುದೇ ಇರಲಿಲ್ಲ. ತಿಂದ ಆಹಾರ ಗಾಯವನ್ನು ಆ ಕ್ಷಣದಲ್ಲಿಯೇ ವಾಸಿಮಾಡುತ್ತಿತ್ತು. 2011ರ ಸೆಪ್ಟೆಂಬರಿನಲ್ಲಿ ಹಸಿವಿನ ಪಟ್ಟಿಯನ್ನು ಸೇರಿಸಿದರು. ಹೊಟ್ಟೆ ತುಂಬಿದ್ದರೆ ಗಾಯ ತಾನಾಗಿ ಮಾಯುತ್ತದೆ. ಹಸಿವು ಒಂದು ಮಿತಿಯನ್ನು ದಾಟಿದರೆ ಓಡಲಾಗುವುದಿಲ್ಲ. ಈ ಒಂದು ಬದಲಾವಣೆಯಿಂದ ಆಟದ ನಡೆಯೇ ಬೇರೆಯಾಯಿತು. ದೂರದ ಬೆಟ್ಟವನ್ನು ನೋಡಲು ಹೊರಡುವವನು ಮೊದಲು ಗೋಧಿ ಬೆಳೆದು ರೊಟ್ಟಿ ಮಾಡಿಕೊಳ್ಳಬೇಕೆಂದು ಯೋಚಿಸತೊಡಗಿದನು. ಅನ್ವೇಷಣೆಗೂ ಕೃಷಿಗೂ ನಂಟು ಬೆಳೆಯಿತು.

ಕೆನಡಾದ ಹಿಂಟರ್‌ಲ್ಯಾಂಡ್ ಸಂಸ್ಥೆ ರಚಿಸಿ 2017ರ ಆಗಸ್ಟಿನಲ್ಲಿ ಪೂರ್ಣವಾಗಿ ಬಿಡುಗಡೆ ಮಾಡಿದ ದಿ ಲಾಂಗ್ ಡಾರ್ಕ್ ಎಂಬ ಆಟದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮವಾಗಿದೆ. ಹಿಮ ಮುಚ್ಚಿದ ಕಾಡಿನಲ್ಲಿ ಒಂಟಿಯಾಗಿ ಸಿಕ್ಕಿಕೊಂಡ ಮನುಷ್ಯನ ಪಾಡು ಇದರ ವಸ್ತು. ಶಾಖ, ದಣಿವು, ಬಾಯಾರಿಕೆ, ಹಸಿವು ಎಂಬ ನಾಲ್ಕು ಅಗತ್ಯಗಳು ಇಲ್ಲಿ ಒಂದಕ್ಕೊಂದು ಹೆಣೆದುಕೊಂಡಿವೆ. ನೀರು ಬೇಕಾದರೆ ಹಿಮವನ್ನು ಕರಗಿಸಬೇಕು. ಅದಕ್ಕೆ ಬೆಂಕಿ ಬೇಕು. ಬೆಂಕಿಗೆ ಕಟ್ಟಿಗೆ ಬೇಕು. ಕಟ್ಟಿಗೆ ತರಲು ಚಳಿಗೆ ಹೊರಡಬೇಕು. ಚಳಿಯಲ್ಲಿ ದುಡಿದರೆ ದಣಿವೂ ಹಸಿವೂ ಏರುತ್ತವೆ. ದಣಿದವನು ಹೊರಬಲ್ಲ ತೂಕವೂ ಕಡಿಮೆಯಾಗುತ್ತದೆ. ಇದರಲ್ಲಿ ಸಿದ್ಧ ನಕಾಶೆ ಆಟಗಾರನ ಕೈಗೆ ಬರುವುದಿಲ್ಲ. ಉರಿದಾರಿದ ಬೆಂಕಿಯಿಂದ ಇದ್ದಿಲನ್ನು ಆಯ್ದು, ಅದರಿಂದ ತಾನು ನಿಂತ ಎಡೆಯ ಸುತ್ತಮುತ್ತಲ ಚಿತ್ರವನ್ನು ತಾನೇ ಬರೆದುಕೊಳ್ಳಬೇಕು. ಜೀವ ಉಳಿಸಿದ ಬೆಂಕಿಯೇ ದಾರಿಯನ್ನು ಗುರುತಿಸುವ ಸಾಧನವೂ ಆಗುವುದು ಈ ಆಟದ ಒಂದು ಸೊಗಸು.

ಉಸಿರು ಮತ್ತು ಆಳ

ಕಷ್ಟವು ಅನ್ವೇಷಣೆಗೆ ಹೇಗೆ ಅಳತೆಗೋಲಾಗುತ್ತದೆ ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಆಟ ಸಬ್‌ನಾಟಿಕಾ. ಅನ್‌ನೋನ್ ವರ್ಲ್ಡ್ಸ್ ಎಂಬ ಸಂಸ್ಥೆ ಇದನ್ನು 2018ರ ಜನವರಿಯಲ್ಲಿ ಪೂರ್ಣರೂಪದಲ್ಲಿ ಹೊರತಂದಿತು. ಪರಗ್ರಹವೊಂದರ ಸಾಗರದಲ್ಲಿ ನೌಕೆ ಕೆಡೆದು ಉಳಿದುಕೊಂಡ ಒಬ್ಬ ವ್ಯಕ್ತಿ ಇದರ ನಾಯಕ. ಆರಂಭದಲ್ಲಿ ಅವನು ನೀರಿನೊಳಗೆ ಉಸಿರು ಹಿಡಿಯಬಲ್ಲದ್ದು 45 ಸೆಕೆಂಡು ಮಾತ್ರ. ಹೋಗಲು ಎಷ್ಟು ಹೊತ್ತೋ ಮರಳಿ ಮೇಲೇರಲೂ ಅಷ್ಟೇ ಹೊತ್ತು ಬೇಕು. ಆದ್ದರಿಂದ ಆ 45 ಸೆಕೆಂಡಿನಲ್ಲಿ ನಿಜವಾಗಿ ಮುಂದಕ್ಕೆ ಸಾಗಲು ದೊರೆಯುವುದು ಸುಮಾರು ಅರ್ಧ ಮಾತ್ರ. ಕಣ್ಣಿಗೆ ಕಾಣುವ ಹವಳದ ಗುಹೆಯೂ ಆಗ ಕೈಗೆಟುಕದ ದೂರದ್ದಾಗುತ್ತದೆ.

ಗಾಳಿಯ ತೊಟ್ಟಿಯೊಂದನ್ನು ಮಾಡಿಕೊಂಡರೆ ಉಸಿರು 75 ಸೆಕೆಂಡಿಗೆ ಏರುತ್ತದೆ. ಅದೇ ಗುಹೆ ಈಗ ಸಮೀಪವಾಯಿತು. 100 ಮೀಟರಿಗಿಂತ ಆಳಕ್ಕಿಳಿದರೆ ಉಸಿರು ಬೇಗ ಕರಗತೊಡಗುತ್ತದೆ. ಅದನ್ನು ತಡೆಯಲು ಬೇರೊಂದು ಉಸಿರಾಟದ ಸಾಧನ ಬೇಕು. ಸೀಮಾತ್ ಎಂಬ ಕಿರುದೋಣಿ 200 ಮೀಟರಿನವರೆಗೆ ನೀರಿನ ಒತ್ತಡವನ್ನು ತಾಳುತ್ತದೆ. ಸುಧಾರಣೆಗಳಿಂದ ಅದನ್ನು 900 ಮೀಟರಿನವರೆಗೆ ಒಯ್ಯಬಹುದು. ಪ್ರತಿಯೊಂದು ಸುಧಾರಣೆಗೆ ಬೇಕಾದ ಲೋಹ, ಖನಿಜಗಳನ್ನು ಹುಡುಕುತ್ತ ಇನ್ನಷ್ಟು ಆಳಕ್ಕೆ ಇಳಿಯಬೇಕಾಗುತ್ತದೆ. ಹೀಗೆ ಉಸಿರಿನ ಮಿತಿಯೇ ಆ ಸಾಗರವನ್ನು ಹಂತಹಂತವಾಗಿ ತೆರೆಯುವ ಬೀಗದ ಕೈಯಾಗಿದೆ. ಈ ಮಿತಿಯನ್ನು ತೆಗೆದುಹಾಕಿದರೆ ಅದೇ ಸಾಗರ, ಅದೇ ಮೀನುಗಳು, ಅದೇ ಬೆಳಕು ಉಳಿಯುತ್ತವೆ. ಆಳವೆಂಬ ಅನುಭವ ಮಾತ್ರ ಉಳಿಯುವುದಿಲ್ಲ.

ಈ ಆಟದ ಇನ್ನೊಂದು ವೈಶಿಷ್ಟ್ಯವನ್ನು ಇಲ್ಲಿ ಹೇಳದಿರಲಾಗದು. ಭಯಂಕರ ಜಲಚರಗಳು ಎದುರಾದರೂ ಆಟಗಾರನ ಕೈಗೆ ಕೊಲ್ಲುವ ಬಂದೂಕನ್ನು ಕೊಟ್ಟಿಲ್ಲ. 2012ರಲ್ಲಿ ಅಮೆರಿಕದ ಶಾಲೆಯೊಂದರಲ್ಲಿ ಗುಂಡಿನ ದಾಳಿಗೆ ಎಳೆಯ ಮಕ್ಕಳು ಬಲಿಯಾದ ಘಟನೆಯಿಂದ ಮನನೊಂದು, ಜಗತ್ತಿಗೆ ಇನ್ನಷ್ಟು ಬಂದೂಕುಗಳನ್ನು ಸೇರಿಸಬಾರದೆಂಬ ನಿಲುವನ್ನು ತಳೆದುದಾಗಿ ಅದರ ನಿರ್ದೇಶಕರಾದ ಚಾರ್ಲಿ ಕ್ಲೀವ್‌ಲ್ಯಾಂಡ್ ಹೇಳಿದ್ದಾರೆ. ಅಪಾಯವನ್ನು ಅರಿತು ತಪ್ಪಿಸಿಕೊಳ್ಳುವುದು, ಅಡಗುವುದು, ಕಾಯುವುದು, ಬೇರೆ ದಾರಿ ಹುಡುಕುವುದು ಇವೇ ಇಲ್ಲಿ ಉಳಿವಿನ ಉಪಾಯಗಳಾದವು. ಉಳಿವೆಂದರೆ ಎದುರಾದುದನ್ನೆಲ್ಲ ಕೊಂದು ಮುಂದೆ ಸಾಗುವುದೆಂಬ ಕಲ್ಪನೆ ಅನಿವಾರ್ಯವಲ್ಲ ಎಂಬುದಕ್ಕೆ ಇದು ನಿದರ್ಶನ.

ಕಷ್ಟದ ಶ್ರೇಣಿಗಳು

ಒಬ್ಬನಿಗೆ ಹಿತವಾದ ಭಾರ ಮತ್ತೊಬ್ಬನಿಗೆ ಹೊರಲಾರದ ಹೊರೆಯಾಗಬಹುದು. ಇದನ್ನು ಬಲ್ಲ ರಚನಕಾರರು ಕಷ್ಟವನ್ನು ಶ್ರೇಣಿಗಳಾಗಿ ವಿಂಗಡಿಸಿ ಆಯ್ಕೆಯನ್ನು ಆಟಗಾರನಿಗೇ ಬಿಡುತ್ತಾರೆ. ಮೈನ್‌ಕ್ರಾಫ್ಟಿನ ಶಾಂತ ಶ್ರೇಣಿಯಲ್ಲಿ ಹಸಿವು ಕಾಡುವುದಿಲ್ಲ. ಸುಲಭ ಶ್ರೇಣಿಯಲ್ಲಿ ಉಪವಾಸವು ಹತ್ತು ಹೃದಯಚಿಹ್ನೆಗಳ ಜೀವಶಕ್ತಿಯನ್ನು ಐದಕ್ಕೆ ಇಳಿಸಿ ನಿಲ್ಲುತ್ತದೆ, ಸಾಮಾನ್ಯ ಶ್ರೇಣಿಯಲ್ಲಿ ಅರ್ಧ ಚಿಹ್ನೆಗೆ ಇಳಿಸಿ ನಿಲ್ಲುತ್ತದೆ, ಕಠಿಣ ಶ್ರೇಣಿಯಲ್ಲಿ ಪ್ರಾಣವನ್ನೇ ತೆಗೆಯುತ್ತದೆ. ಸಬ್‌ನಾಟಿಕಾದಲ್ಲಿ ಹಸಿವು, ಬಾಯಾರಿಕೆಗಳಿಲ್ಲದ ಒಂದು ಬಗೆಯೂ, ಒಂದೇ ಜೀವವುಳ್ಳ ಮತ್ತೊಂದು ಬಗೆಯೂ ಇವೆ. ದಿ ಲಾಂಗ್ ಡಾರ್ಕಿನ ಅತಿ ಸೌಮ್ಯ ಶ್ರೇಣಿಯ ಹೆಸರು ಪಿಲ್‌ಗ್ರಿಮ್, ಅಂದರೆ ಯಾತ್ರಿಕ. ಅದರಲ್ಲಿ ಕಾಡುಮೃಗಗಳು ಮನುಷ್ಯನನ್ನು ಕಂಡು ದೂರ ಸರಿಯುತ್ತವೆ. ಬಹಳ ಕಠಿಣವಾದ ಇಂಟರ್‌ಲೋಪರ್ ಶ್ರೇಣಿಯಲ್ಲಿ ಹುಡುಕಿದರೂ ಬಂದೂಕು ಸಿಗದು.

ಆರೆಗಾನ್ ಟ್ರೇಲ್ ಆಟದ 1985ರ ಆವೃತ್ತಿ ಈ ಶ್ರೇಣಿಗಳನ್ನು ಜಾಣತನದಿಂದ ಕಥೆಯೊಳಗೇ ಬೆರೆಸಿತು. ಆಟಗಾರನು ಬ್ಯಾಂಕಿನ ಧಣಿಯಾಗಬಹುದು, ಬಡಗಿಯಾಗಬಹುದು ಅಥವಾ ರೈತನಾಗಬಹುದು. ಧಣಿಯ ಬಳಿ 1600 ಡಾಲರ್, ಬಡಗಿಯ ಬಳಿ 800, ರೈತನ ಬಳಿ 400. ಗುರಿ ಮುಟ್ಟಿದಾಗ ಬಡಗಿಯ ಅಂಕಗಳು ಎರಡರಷ್ಟು, ರೈತನ ಅಂಕಗಳು ಮೂರರಷ್ಟು ಆಗುತ್ತವೆ. ಕಡಿಮೆ ಬಂಡವಾಳದಿಂದ ಅದೇ ದಾರಿಯನ್ನು ಸವೆಸಿದವನ ಸಾಧನೆ ಹಿರಿದು ಎಂಬ ನ್ಯಾಯ ಇದರಲ್ಲಿದೆ. ಅದೇ ಆವೃತ್ತಿಯಲ್ಲಿ ಬೇಟೆಗಾರನು ಎಷ್ಟೇ ಪ್ರಾಣಿಗಳನ್ನು ಕೊಂದರೂ ಬಂಡಿಗೆ ಹೊತ್ತು ತರಬಲ್ಲದ್ದು 100 ಪೌಂಡು ಮಾಂಸ ಮಾತ್ರ. ದುರಾಸೆಯಿಂದ ಕೊಂದದ್ದು ಕಾಡಿನಲ್ಲಿಯೇ ಕೊಳೆಯುತ್ತದೆ, ಮದ್ದುಗುಂಡು ವ್ಯರ್ಥವಾಗುತ್ತದೆ. ಬೋಧನೆಯ ಒಂದು ಮಾತೂ ಇಲ್ಲದೆ ಮಿತಿಯ ಪಾಠ ಮಕ್ಕಳಿಗೆ ತಲುಪುತ್ತದೆ.

ಕಷ್ಟವೆಲ್ಲವೂ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ಇಂಗ್ಲೆಂಡಿನ ಹೆಲೋ ಗೇಮ್ಸ್ ಸಂಸ್ಥೆ 2016ರ ಆಗಸ್ಟಿನಲ್ಲಿ ನೋ ಮ್ಯಾನ್ಸ್ ಸ್ಕೈ ಎಂಬ ಆಟವನ್ನು ಹೊರತಂದಾಗ, ಅಸಂಖ್ಯಾತ ಗ್ರಹಗಳ ಅದ್ಭುತವನ್ನು ಮೆಚ್ಚಿದವರೂ ಒಂದು ಆಕ್ಷೇಪವನ್ನೆತ್ತಿದರು. ಉಡುಪಿನ ರಕ್ಷಣಾಶಕ್ತಿ ಕುಗ್ಗಿದಾಗಲೆಲ್ಲ ಖನಿಜವನ್ನು ತುಂಬುವ ಕೆಲಸ ಎಲ್ಲ ಗ್ರಹಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ತೆರನಾಗಿದ್ದು ಬೇಸರ ತರಿಸುತ್ತದೆ ಎಂಬುದೇ ಆ ಆಕ್ಷೇಪ. ಸಂಸ್ಥೆ ಅದೇ ವರ್ಷದ ನವೆಂಬರಿನಲ್ಲಿ ಸಾಮಾನ್ಯ, ಉಳಿವು, ಸೃಷ್ಟಿ ಎಂಬ ಪ್ರತ್ಯೇಕ ಬಗೆಗಳನ್ನು ಒದಗಿಸಿತು. 2022ರಲ್ಲಿ ಅಪಾಯ, ವೆಚ್ಚ ಮುಂತಾದವನ್ನು ಆಟಗಾರನು ಬಿಡಿಬಿಡಿಯಾಗಿ ಹೊಂದಿಸಿಕೊಳ್ಳುವ ಅನುಕೂಲವನ್ನೂ ಸೇರಿಸಿತು. ಹೊಸದೇನನ್ನೂ ತಿಳಿಸದೆ ಮತ್ತೆ ಮತ್ತೆ ಅದೇ ಕೆಲಸವನ್ನು ಮಾಡಿಸುವ ಕಷ್ಟ ಬರಿಯ ಜೀತ. ಅರ್ಥವಾಗದ ಕಾರಣಕ್ಕೆ ಕೊಲ್ಲುವ ಕಷ್ಟ ಬರಿಯ ಕ್ರೌರ್ಯ. ತಾನು ಏಕೆ ಸೋತೆನೆಂದು ಸೋತವನಿಗೆ ತಿಳಿದರೆ ಮಾತ್ರ ಆ ಸೋಲು ಶಿಕ್ಷಣವಾದೀತು.

ಅಳಿಯುವುದು, ಉಳಿಯುವುದು

ಸಾವಿನ ಬೆಲೆ ಎಷ್ಟಿರಬೇಕೆಂಬುದು ಈ ಆಟಗಳ ಕೊನೆಯ ಮತ್ತು ಕಠಿಣವಾದ ಪ್ರಶ್ನೆ. ಬೆಲೆ ತೀರ ಕಡಿಮೆಯಾದರೆ ಆಟಗಾರನು ಉಡಾಫೆಯಿಂದ ನಡೆದುಕೊಳ್ಳುತ್ತಾನೆ. ತೀರ ಹೆಚ್ಚಾದರೆ ಹೆದರಿ ಮನೆಯ ಬಾಗಿಲನ್ನೇ ದಾಟುವುದಿಲ್ಲ. ಅನ್ವೇಷಣೆಯ ಉದ್ದೇಶವೇ ಕೆಡುತ್ತದೆ.

ಈ ಪ್ರಶ್ನೆಗೆ ಒಂದು ಅಪೂರ್ವ ಉತ್ತರವನ್ನು ಕೊಟ್ಟದ್ದು 2019ರ ಔಟರ್ ವೈಲ್ಡ್ಸ್. ಅಲೆಕ್ಸ್ ಬೀಚಮ್ ಎಂಬವರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರಬಂಧವಾಗಿ ಆರಂಭಿಸಿದ ಈ ಆಟದಲ್ಲಿ ಒಂದು ಪುಟ್ಟ ಸೌರಮಂಡಲವಿದೆ. ಆಟಗಾರನ ಉಡುಪಿನಲ್ಲಿ ಗಾಳಿ, ಇಂಧನಗಳು ಮಿತವಾಗಿವೆ. ಮರಗಳ ಬಳಿಗೆ ಹೋದರೆ ಗಾಳಿ ಮತ್ತೆ ತುಂಬಿಕೊಳ್ಳುತ್ತದೆ. ಆದರೆ ಎಷ್ಟೇ ಜಾಗರೂಕನಾಗಿದ್ದರೂ ಸುಮಾರು 22 ನಿಮಿಷಗಳಿಗೆ ಸೂರ್ಯನು ಸಿಡಿದು ಎಲ್ಲವೂ ನಾಶವಾಗುತ್ತದೆ. ಕಣ್ಣು ತೆರೆದರೆ ಮತ್ತೆ ಅದೇ ಆರಂಭ, ಅದೇ ಆಕಾಶ. ಕೂಡಿಟ್ಟ ವಸ್ತುವೊಂದೂ ಉಳಿಯುವುದಿಲ್ಲ. ಉಳಿಯುವುದು ಕಂಡುಕೊಂಡ ವಿಷಯಗಳ ದಾಖಲೆ ಮತ್ತು ಆಟಗಾರನ ತಿಳಿವು. ಹೊಸ ಆಯುಧ, ಹೊಸ ಶಕ್ತಿಗಳ ಬಲ ಅವನಿಗಿಲ್ಲ. ಮೊದಲ ಸಲ ತೆರೆಯಲಾರದ ಬಾಗಿಲನ್ನು ಅವನು ಹತ್ತನೆಯ ಸಲ ತೆರೆಯುವುದು ಅರಿವಿನ ಬಲದಿಂದಲೇ. ಸಾವು ಎಲ್ಲವನ್ನೂ ಕಸಿದುಕೊಂಡು ಅರಿವೊಂದನ್ನು ಬಿಟ್ಟುಹೋಗುವ ಈ ಏರ್ಪಾಡು ಅನ್ವೇಷಣೆಯ ಆಟಗಳ ಸಾರವನ್ನೇ ಹಿಡಿದಿಟ್ಟಂತಿದೆ.

ಆರಂಭದ ಪ್ರಶ್ನೆಗೆ ಉತ್ತರ ಈಗ ದೊರೆಯುತ್ತದೆ. ಬುತ್ತಿ ಕರಗದಿದ್ದರೆ ದೂರಕ್ಕೆ ಅರ್ಥವಿಲ್ಲ. ಉಸಿರು ಮುಗಿಯದಿದ್ದರೆ ಆಳಕ್ಕೆ ಅರ್ಥವಿಲ್ಲ. ದೀಪವಾರದಿದ್ದರೆ ಕತ್ತಲೆಗೆ ಅರ್ಥವಿಲ್ಲ. ಹಸಿವು, ಚಳಿಗಳನ್ನು ಆಟದಲ್ಲಿಟ್ಟದ್ದು ಆಟಗಾರನು ಲೋಕವನ್ನು ಅಳೆಯುವುದನ್ನು ಕಲಿಯಲೆಂದು. ಮಕ್ಕಳು ಇಂಥ ಆಟವನ್ನು ಆಡುವಾಗ ಎಷ್ಟು ಹೊತ್ತು ಆಡಿದರೆಂದು ಕೇಳುವ ಹಿರಿಯರು, ಹಿಂದಿನ ಸಲ ಏಕೆ ಸೋತೆ, ಈ ಸಲ ಏನನ್ನು ಬದಲಾಯಿಸಿದೆ ಎಂದೂ ಕೇಳುವುದು ಒಳ್ಳೆಯದು. ಆ ಪ್ರಶ್ನೆಗೆ ಮಗು ಕೊಡುವ ಉತ್ತರದಿಂದ ಆಟದ ಯೋಗ್ಯತೆಯೂ ಮಗುವಿನ ಬೆಳವಣಿಗೆಯೂ ಒಟ್ಟಿಗೆ ತಿಳಿಯುತ್ತವೆ.

1971ರ ಆ ತರಗತಿಯ ಆಟದಲ್ಲಿ ಬಟ್ಟೆಯ ಹಣವನ್ನು ಉಳಿಸಿ ಹೊರಟವರ ಪ್ರಯಾಣ ಬೆಟ್ಟದ ಹಿಮದಲ್ಲಿ ಕೊನೆಗೊಳ್ಳಬಹುದಾಗಿತ್ತು. ಕಾಗದದ ಸುರುಳಿಯ ಮೇಲೆ ಅಚ್ಚಾಗಿ ಬರುವ ಆ ಸುದ್ದಿಯನ್ನು ಓದಿದವರಿಗೆ ಎರಡು ದಾರಿಗಳಿದ್ದವು: ಕಾಗದವನ್ನು ಹರಿದು ಎದ್ದುಹೋಗುವುದು, ಇಲ್ಲವೆ ಮತ್ತೆ ಇಂಡಿಪೆಂಡೆನ್ಸ್ ಪಟ್ಟಣದಿಂದ ಹೊರಡುವುದು. ಎರಡನೆಯ ಸಲ ಹೊರಡುವವನು ಎತ್ತುಗಳಿಗೆ ಬೆಲೆ ಕಟ್ಟುವ ಮೊದಲೇ ಕಂಬಳಿಗೆಂದು ಹಣವನ್ನು ಬೇರೆ ತೆಗೆದಿಡುತ್ತಾನೆ. ಪಾಠ ಮನಸ್ಸಿಗೆ ಹತ್ತಿತೆಂಬುದಕ್ಕೆ ಬೇರೆ ಪರೀಕ್ಷೆ ಬೇಕಾಗಿಲ್ಲ.